ಇಪ್ಪತ್ತು ಜನರ ಮುದ್ದೆ

ನನ್ನ ಬಾಯಿ ಸರಿ ಇಲ್ಲ ಎಂದು ನನ್ನ ಅವ್ವನೇ ಹೇಳುತ್ತಿದ್ದಳು. ಆದರೆ ಅವತ್ತು ಶಾಲೆಯ ಅಂಗಳದ ಸಭೆಯಲ್ಲಿ ನಾನು ಆಡಿದ್ದು ನಾಲ್ಕೇ ಮಾತು, ಅದೂ ಕೈ ಎತ್ತಿ, ಕೇಳಿಕೊಂಡು. ಅಷ್ಟಕ್ಕೇ ಹಟ್ಟಿಯ ಮೂವತ್ತೆರಡು ಮನೆಗಳೂ ನನಗೆ ಬಾಗಿಲು ಹಾಕಿದವು ಎಂದರೆ ನಂಬುತ್ತೀರಾ?

ನಮ್ಮದು ಹರಿಯಬ್ಬೆಯಿಂದ ಮೂರು ಮೈಲಿ ಒಳಗಿರುವ ಕುರಿಗಾರರ ಹಟ್ಟಿ. ಹಟ್ಟಿಯ ಹಿಂದೆ ಒಂದು ಗುಡ್ಡ. ಗುಡ್ಡದ ನೆತ್ತಿ ಬರೀ ಕಲ್ಲು, ಅಲ್ಲಿ ಗಾಳಿ ಬಿಟ್ಟರೆ ಇನ್ನೇನೂ ಇಲ್ಲ. ಕೆಳಗಿನ ಇಳಿಜಾರಿನಲ್ಲಿ ಹುಲ್ಲು, ಅದರ ಬುಡದಲ್ಲಿ ಒಂದು ಕಟ್ಟೆ. ಎಲ್ಲರ ಕುರಿಯೂ ನೀರು ಕುಡಿಯುವುದು ಆ ಕಟ್ಟೆಯಲ್ಲೇ. ಹೋದ ವರ್ಷ ಗಾಳಿ ಕಂಪನಿಯವರು ಬಂದು, ಗುಡ್ಡದ ಮೇಲೆ ಕರೆಂಟು ಮಾಡುವ ಫ್ಯಾನು ನಿಲ್ಲಿಸುತ್ತೇವೆ, ಕಟ್ಟೆ ಮುಚ್ಚಿ ಇಳಿಜಾರಿನ ಮೇಲೆ ರಸ್ತೆ ಮಾಡುತ್ತೇವೆ ಎಂದರು.

ಇಡೀ ಗುಡ್ಡ ಕೊಟ್ಟುಬಿಡೋಣ, ಹುಡುಗರಿಗೆ ವಾಚ್‌ಮನ್ ಕೆಲಸವಾದರೂ ಸಿಗುತ್ತದೆ ಎಂದು ಪಂಚಾಯ್ತಿ ಮೆಂಬರ್ ರಾಮಾಂಜನೇಯ ಹೊರಟ. ಒಂದು ಕಲ್ಲನ್ನೂ ಕೊಡಬಾರದು ಎಂದು ಜುಂಜೇಶ ಹೊರಟ. ಜುಂಜೇಶ ಎಂದರೆ ನನ್ನ ಗೆಳತಿ ಜಯಕ್ಕನ ಮಗ, ನಾನು ಎತ್ತಿ ಆಡಿಸಿದ ಕೂಸು. ಅರ್ಧ ಹಟ್ಟಿ ಇವನ ಹಿಂದೆ, ಅರ್ಧ ಅವನ ಹಿಂದೆ. ಹಗಲೆಲ್ಲ ಮೊಬೈಲಿನಲ್ಲಿ ಬೈದಾಟ. ಇವರಿಗೆ ಅವರು ಮಾರಿಕೊಂಡವರು, ಅವರಿಗೆ ಇವರು ಊರು ಉದ್ಧಾರ ಆಗಲು ಬಿಡದವರು. ಅಣ್ಣ ತಮ್ಮಂದಿರು ಒಂದೇ ಪಡಸಾಲೆಯಲ್ಲಿ ಬೆನ್ನು ತಿರುಗಿಸಿಕೊಂಡು ಉಣ್ಣುತ್ತಿದ್ದರು. ನೋಡಿ ನೋಡಿ ನನಗೆ ತಲೆ ಕೆಟ್ಟಿತು, ಸಭೆಯಲ್ಲಿ ಎದ್ದು ನಿಂತೆ.

"ನೋಡ್ರಪ್ಪ, ನೆತ್ತಿ ಮ್ಯಾಲೆ ನಮ್ಮ ಕುರಿ ಹೋಗಲ್ಲ. ಅದನ್ನ ಕೊಡ್ರಿ. ಇಳಿಜಾರು, ಕಟ್ಟೆ ಮುಟ್ಟಬ್ಯಾಡ್ರಿ ಅನ್ರಿ. ರಸ್ತೆ ಗುಡ್ಡದ ಹಿಂದಗಡೆಯಿಂದ ಮಾಡ್ಕಳ್ಲಿ. ಇಷ್ಟಕ್ಕೆ ಯಾಕೆ ಹಿಂಗೆ ಕಚ್ಚಾಡ್ತೀರಿ?"

ಎರಡೂ ಕಡೆಯಿಂದ ಒಟ್ಟಿಗೇ ಕೂಗು ಎದ್ದಿತು. ಎಷ್ಟೋ ತಿಂಗಳ ಮೇಲೆ ಅವರೆಲ್ಲ ಒಂದೇ ಮಾತಿಗೆ ಬಂದದ್ದು ಅವತ್ತೇ: ನಿಂಗಕ್ಕ ಬಾಯಿ ಮುಚ್ಚಿಕೊಂಡು ಕೂರಬೇಕು.

"ನೀನು ಯಾರ ಕಡೆ? ಅದನ್ನ ಮೊದ್ಲು ಹೇಳಕ್ಕ," ಎಂದ ರಾಮಾಂಜನೇಯ.

"ಕುರಿ ಕಡೆ ಕಣಪ್ಪ," ಎಂದೆ. ಯಾರೂ ನಗಲಿಲ್ಲ.

ಹೋಗಲಿ, ಮಾತು ಬಿಟ್ಟರೆ ಬಿಡಲಿ ಎಂದು ನಾನೂ ಸುಮ್ಮನಿದ್ದೆ. ಆದರೆ ಶಿವರಾತ್ರಿ ಹತ್ತಿರ ಬಂತು, ಕುರಿಗಳ ಉಣ್ಣೆ ಕತ್ತರಿಸುವ ಕಾಲ. ಬಿಸಿಲು ಏರುವ ಮೊದಲು ಉಣ್ಣೆ ಇಳಿಸದಿದ್ದರೆ ಕುರಿ ಕಾವಿಗೆ ಸೊರಗುತ್ತದೆ, ಮೈತುಂಬಾ ಹುಳ ಸೇರಿಕೊಳ್ಳುತ್ತವೆ. ನಮ್ಮಲ್ಲಿ ಈ ಕೆಲಸಕ್ಕೆ ಕೂಲಿ ಎಂಬುದಿಲ್ಲ, ಮುಯ್ಯಿ. ಇವತ್ತು ಎಲ್ಲರೂ ಕತ್ತರಿ ಹಿಡಿದು ನಿಮ್ಮ ಮನೆಗೆ, ನಾಳೆ ನೀವೂ ಸೇರಿ ಪಕ್ಕದ ಮನೆಗೆ. ಯಾರ ಮನೆಯ ಕುರಿಯೋ ಅವರ ಮನೆಯಲ್ಲಿ ಊಟ.

ನನ್ನ ಗಂಡ ಎತ್ತಪ್ಪ ತೀರಿಕೊಂಡು ಐದು ವರ್ಷ. ಮಗಳು ಚೈತ್ರಾ ಮದುವೆಯಾಗಿ ಹೊಸದುರ್ಗದಲ್ಲಿದ್ದಾಳೆ. ನನ್ನ ಮನೆಯಿಂದ ಕತ್ತರಿ ಹಿಡಿಯುವ ಗಂಡಾಳು ಇಲ್ಲ. ಹೆಂಗಸರು ಕತ್ತರಿ ಹಿಡಿಯುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಹಿರಿಯರು ಕೂತು ಮಾತಾಡಿ, ನಿಂಗಕ್ಕ ಎಲ್ಲರ ಮನೆಯ ಮುಯ್ಯಿಗೂ ಅಡಿಗೆ ಮಾಡಲಿ, ಅದೇ ಅವಳ ಕತ್ತರಿ ಎಂದು ತೀರ್ಮಾನ ಮಾಡಿದ್ದರು. ಐದು ವರ್ಷದಿಂದ ಮುದ್ದೆ ಕೋಲು ಹಿಡಿದು ಮನೆ ಮನೆ ತಿರುಗಿದ್ದೇನೆ. ಜಯಕ್ಕ ಪಾತ್ರೆ ಅದುಮಿ ಹಿಡಿದರೆ ನಾನು ತಿರುವುತ್ತಿದ್ದೆ. ಇಪ್ಪತ್ತು ಜನರ ಹಿಟ್ಟು ಒಂದೇ ಪಾತ್ರೆಯಲ್ಲಿ, ಒಂದು ಗಂಟು ಇರಬಾರದು. ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದೆವು. ಒಂದೇ ವರ್ಷದಲ್ಲಿ ಈ ಹಟ್ಟಿಗೆ ಸೊಸೆಯರಾಗಿ ಬಂದವರು ನಾವಿಬ್ಬರು.

ಈ ಸಲ ಮುಯ್ಯಿಯೂ ಎರಡಾಯಿತು. ಅವರ ಕತ್ತರಿ ಅವರ ಕುರಿಗೆ, ಇವರ ಕತ್ತರಿ ಇವರ ಕುರಿಗೆ. ನನಗೆ ಇದೆಲ್ಲ ಲೆಕ್ಕವಿಲ್ಲ. ಮೊದಲು ರಾಮಾಂಜನೇಯನ ಮನೆಗೆ ಹೋಗಿ ಮುದ್ದೆ ತಿರುವಿದೆ. ಅಲ್ಲಿ ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮರುದಿನ ಜಯಕ್ಕನ ಮನೆ. ಹೊತ್ತು ಮೂಡುವಾಗಲೇ ಮುದ್ದೆ ಕೋಲು ಹಿಡಿದು ಹೋದೆ. ಒಲೆಯ ಮುಂದೆ ಬೇರೆ ಯಾರೋ ಕೂತಿದ್ದರು. ಜಯಕ್ಕ ನನ್ನನ್ನು ನೋಡಿ ತಲೆ ತಗ್ಗಿಸಿದಳು.

ಜುಂಜೇಶ ಬಾಗಿಲಿಗೆ ಬಂದ. "ದೊಡ್ಡವ್ವ, ನಿನ್ನೆ ಅವ್ರ ಮನೇಲಿ ಮುದ್ದೆ ತಿರುವಿ ಬಂದೀಯಂತೆ. ಇವತ್ತು ಇಲ್ಲಿ ಬ್ಯಾಡ."

"ಅಲ್ಲಲೇ, ಐದು ವರ್ಷದಿಂದ ಎಲ್ಲರ ಮನೆಗೂ ಹೋಗಿಲ್ವೇನೋ?"

"ಆವಾಗ ಬ್ಯಾರೆ, ಈಗ ಬ್ಯಾರೆ."

ನಾನು ಜಯಕ್ಕನ ಕಡೆ ನೋಡಿದೆ. ಒಂದು ಮಾತು ಆಡಬಹುದಿತ್ತು ಅವಳು. ಕಾಳು ಆರಿಸುತ್ತಾ ಕೂತಳು. ಅಷ್ಟು ದೂರದಿಂದಲೇ ನನಗೆ ಗೊತ್ತು, ಆ ಮೊರದಲ್ಲಿ ಆರಿಸುವಂಥದ್ದು ಏನೂ ಇರಲಿಲ್ಲ. ನಾನು ಹಿಂದಿರುಗಿ ಬಂದೆ.

ನನ್ನ ಮನೆಯ ಸರದಿಯ ದಿನ ಯಾರೂ ಬರಲಿಲ್ಲ. ಎಪ್ಪತ್ತೆರಡು ಕುರಿ ದೊಡ್ಡಿಯಲ್ಲಿ ನಿಂತು ಮುಖ ಮುಖ ನೋಡಿದವು. ಎಲ್ಲವೂ ಕರಿ ಕುರಿ. ಎತ್ತಪ್ಪನಿಗೆ ಕರಿ ಕುರಿ ಎಂದರೆ ಪ್ರಾಣ, ಇಡೀ ಹಟ್ಟಿಯಲ್ಲಿ ಬೇರೆ ಯಾರ ಮಂದೆಯಲ್ಲೂ ಅಂಥ ಒಂದು ಕುರಿ ಸಿಗುವುದಿಲ್ಲ.

ಮಧ್ಯಾಹ್ನ ಜುಂಜೇಶ ಬಂದ. "ಸೋಮವಾರ ಹಿರಿಯೂರಲ್ಲಿ ಧರಣಿ ಐತೆ. ಒಂದು ದಿನ ಬಂದು ನಮ್ಮ ಜತೆ ಕುಂತ್ಕ. ಮಂಗಳವಾರ ಹತ್ತು ಕತ್ತರಿ ನಿನ್ನ ದೊಡ್ಡೀಲಿ ಇರ್ತವೆ," ಎಂದ. ಸಂಜೆ ರಾಮಾಂಜನೇಯನೂ ಬಂದ, ಕೈಯಲ್ಲಿ ಗುಡ್ಡ ಕೊಡಲು ಒಪ್ಪಿಗೆಯ ಕಾಗದ. "ಇಲ್ಲೊಂದು ಸಹಿ ಹಾಕಕ್ಕ. ನಾಳೇನೇ ನಮ್ಮ ಹುಡುಗ್ರನ್ನ ಕಳಿಸ್ತೀನಿ."

ಇಬ್ಬರಿಗೂ ಕುಡಿಯಲು ಮಜ್ಜಿಗೆ ಕೊಟ್ಟೆ. ಇಬ್ಬರಿಗೂ ಒಂದೇ ಮಾತು ಹೇಳಿದೆ: "ನಿಂದು ಅರ್ಧ ಸರಿ ಐತೆ ಕಣಪ್ಪ. ಅರ್ಧಕ್ಕೆ ನಾನು ಸಹಿ ಹಾಕ್ತೀನಿ. ಆಗ್ತೈತಾ?" ಆಗುವುದಿಲ್ಲ ಎಂದು ಇಬ್ಬರೂ ಎದ್ದು ಹೋದರು.

ಚೈತ್ರಾ ಫೋನ್ ಮಾಡಿ ಅತ್ತಳು. "ಯಾರ್ದಾದ್ರೂ ಒಬ್ರ ಕಡೆ ಅಂದ್ಬಿಡಮ್ಮ. ಬರೀ ಬಾಯಿ ಮಾತಿಗೆ. ಒಬ್ಬಳೇ ಏನ್ ಮಾಡ್ತೀಯ?" ಅವಳು ಹೇಳಿದ್ದು ಸುಳ್ಳಲ್ಲ. ಫೋನಿಟ್ಟು ಲೆಕ್ಕ ಹಾಕಿದೆ. ಸಹಿ ಹಾಕಿದರೆ ಹತ್ತು ಕತ್ತರಿ ಸಿಗುತ್ತಿತ್ತು, ನಿಜ. ಆದರೆ ಕಟ್ಟೆ ಮುಚ್ಚಿದರೆ ಕುರಿ ಸಾಯುತ್ತವೆ ಎಂದು ಒಬ್ಬನಿಗೆ ಹೇಳಿದವಳು ನಾನೇ, ಬರೀ ಕಲ್ಲಿಗೆ ಯಾಕೆ ಹೊಡೆದಾಡುತ್ತೀಯ ಎಂದು ಇನ್ನೊಬ್ಬನಿಗೆ ಹೇಳಿದವಳೂ ನಾನೇ. ಯಾವುದನ್ನು ನುಂಗಲಿ? ಹಾಳಾಗಿ ಹೋಗಲಿ ಎಂದು ಎದ್ದು, ಅಟ್ಟದಿಂದ ಎತ್ತಪ್ಪನ ಕತ್ತರಿ ಇಳಿಸಿ ಎಣ್ಣೆ ಹಚ್ಚಿದೆ.

ಮೊದಲ ದಿನ ಮೂರು ಕುರಿ. ಅಯ್ಯೋ, ಆ ಮೂರರ ಕಥೆ ಏನು ಹೇಳಲಿ! ಕಾಲು ಕಟ್ಟಿ ಕೆಡವಿದರೆ ಬಿಡಿಸಿಕೊಂಡು ಓಡುತ್ತಿದ್ದವು. ಒಂದರ ಚರ್ಮಕ್ಕೇ ಕತ್ತರಿ ತಾಗಿ ರಕ್ತ ಬಂತು. ಅರಿಶಿನ ಒತ್ತಿ ಹಿಡಿದು, ಅದರ ಕಿವಿಯಲ್ಲಿ ತಪ್ಪಾಯ್ತು ತಪ್ಪಾಯ್ತು ಎಂದು ಹೇಳುತ್ತಾ ಕೂತೆ. ಅವು ಮೇಯಲು ಹೊರಟಾಗ ದಾರಿಯಲ್ಲಿದ್ದವರು ನೋಡಿ ನಕ್ಕರು. ಇಲಿ ಕಡಿದ ಕಂಬಳಿಯ ಹಾಗೆ ಕಾಣುತ್ತಿದ್ದವು, ನಗದೆ ಇನ್ನೇನು? ನಗುವಾಗ ಮಾತ್ರ ಅವರಿಗೆ ಕಡೆ ಗಿಡೆ ಏನೂ ಇರಲಿಲ್ಲ.

ಕೆಲಸಕ್ಕೆ ನಾನು ಹೆದರಲಿಲ್ಲ. ಬೊಬ್ಬೆ ಒಡೆದು ಗಟ್ಟಿಯಾಯಿತು, ದಿನಕ್ಕೆ ನಾಲ್ಕು, ಆಮೇಲೆ ಐದು ಇಳಿಸಿದೆ. ಹೆದರಿದ್ದು ಸದ್ದಿಲ್ಲದಿರುವುದಕ್ಕೆ. ಮುಯ್ಯಿಯ ದಿನ ಇಪ್ಪತ್ತು ಕತ್ತರಿಗಳ ಸದ್ದು, ಬೈಗುಳ, ಹಾಡು, ಯಾರ ಸಾರಿಗೆ ಉಪ್ಪು ಕಡಿಮೆ ಎಂಬ ಜಗಳ ಎಲ್ಲ ಇರುತ್ತಿತ್ತು. ನನ್ನ ದೊಡ್ಡಿಯಲ್ಲಿ ಒಂದೇ ಕತ್ತರಿ ಕಚಕಚ ಅನ್ನುತ್ತಿತ್ತು. ಕುರಿಗಳ ಜತೆ ಎಷ್ಟು ಮಾತಾಡುವುದು? ಒಂದು ಮಧ್ಯಾಹ್ನ ಕತ್ತರಿ ಕೆಳಗಿಟ್ಟು ಜೋರಾಗಿ ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಅವತ್ತು ಯಾರಾದರೂ ಕಾಗದ ತಂದಿದ್ದರೆ ಸಹಿ ಹಾಕಿಬಿಡುತ್ತಿದ್ದೆ. ಯಾರೂ ಬರಲಿಲ್ಲ.

ಹದಿನಾಲ್ಕು ಕುರಿ ಬಾಕಿ ಇದ್ದಾಗ ದುರ್ಗದ ಜಿಲ್ಲಾ ಕಚೇರಿಯಿಂದ ಸಾಹೇಬರು ಬಂದರು. ಗುಡ್ಡ ಸುತ್ತಿ, ನಕ್ಷೆ ಹರಡಿ, ಶಾಲೆಯ ಅಂಗಳದಲ್ಲಿ ನಿಂತು ಆದೇಶ ಓದಿದರು. ಫ್ಯಾನುಗಳು ನೆತ್ತಿಯ ಮೇಲೆ ಮಾತ್ರ. ಇಳಿಜಾರು ಮತ್ತು ಕಟ್ಟೆ ಹಟ್ಟಿಯ ಕುರಿಗಳಿಗೆ. ರಸ್ತೆ ಗುಡ್ಡದ ಹಿಂದಿನಿಂದ.

ನಾನು ಹಿಂದುಗಡೆ ಬೇವಿನ ಮರದ ಕೆಳಗೆ ನಿಂತಿದ್ದೆ. ಯಾರಾದರೂ ಒಬ್ಬರು ತಿರುಗಿ ನೋಡುತ್ತಾರೆ ಎಂದುಕೊಂಡೆ. ರಾಮಾಂಜನೇಯನ ಕಡೆಯವರು ಫ್ಯಾನು ಬಂತು, ಗೆದ್ದೆವು ಎಂದು ಪಟಾಕಿ ಹೊಡೆದರು. ಜುಂಜೇಶನ ಕಡೆಯವರು ಕಟ್ಟೆ ಉಳಿಯಿತು, ಗೆದ್ದೆವು ಎಂದು ಅವರಿಗಿಂತ ದೊಡ್ಡ ಪಟಾಕಿ ಹೊಡೆದರು. ಸೋತವರು ಯಾರೂ ಇರಲಿಲ್ಲ. ನನಗೆ ನಗು ಬಂತು, ಪಟಾಕಿ ಮುಗಿಯುವ ಮೊದಲೇ ಮನೆಗೆ ಬಂದೆ.

ಆದರೂ ಆಸೆ ಬಿಡಬೇಕಲ್ಲ! ಜಗಳ ಮುಗಿಯಿತು, ನಾಳೆ ಬರುತ್ತಾರೆ ಎಂದು ಮನಸ್ಸು ಹೇಳಿತು. ಬೆಳಿಗ್ಗೆ ಎದ್ದು ಅಂಗಳ ಸಾರಿಸಿ ದೊಡ್ಡ ಪಾತ್ರೆ ಇಳಿಸಿದೆ. ಹದಿನಾಲ್ಕು ಕುರಿಗೆ ಇಪ್ಪತ್ತು ಜನ ಬೇಕಾಗಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಮುಯ್ಯಿಗೆ ಬಂದವರಿಗೆ ಎಣಿಸಿ ಬಡಿಸಬಾರದು. ಪಾತ್ರೆ ಹಿಡಿಯಲು ಯಾರಿದ್ದಾರೆ? ಗೋಡೆಗೆ ಒತ್ತಿ, ಕವೆಗೋಲಿನಿಂದ ಅದುಮಿ, ಒಬ್ಬಳೇ ತಿರುವಿದೆ. ಇಪ್ಪತ್ತು ಮುದ್ದೆ ಕಟ್ಟಿ, ಹುರುಳಿ ಸಾರು ಪಕ್ಕಕ್ಕಿಟ್ಟು, ಬಾಗಿಲಲ್ಲಿ ಕೂತೆ.

ದಾರಿಯಲ್ಲಿ ಜನ ಹೋಗುತ್ತಿದ್ದರು. ಸಾರಿನ ಘಮ ಅವರಿಗೂ ತಟ್ಟಿರಬೇಕು. ಯಾರೂ ನಿಲ್ಲಲಿಲ್ಲ. ನನ್ನ ಮುಖ ನೋಡಿದರೆ ಅವರಿಗೆ ಆ ಸಭೆಯೇ ನೆನಪಾಗುತ್ತಿತ್ತೇನೋ. ಮುದ್ದೆಗಳು ತಣ್ಣಗಾದವು.

ನಡು ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬೇಲಿ ಸರಿದ ಸದ್ದಾಯಿತು. ನೋಡಿದರೆ ಜಯಕ್ಕ. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು.

"ಮಾತಾಡಾಕೆ ಬಂದಿಲ್ಲ. ಹಸಿವಾಗೈತೆ," ಎಂದಳು.

ಬಡಿಸಿದೆ. ಅರ್ಧ ಮುದ್ದೆ ನುಂಗಿದವಳು ನನ್ನ ಕೈ ನೋಡಿದಳು. ಅಂಗೈ ತಿರುಗಿಸಿ ಬೊಬ್ಬೆಯ ಮೇಲೆ ಬೆರಳಾಡಿಸಿ, "ಥೂ, ಏನ್ ಮಾಡ್ಕಂಡೀಯೇ ಇದು," ಎಂದು ಅತ್ತಳು. ನಾನು ಅಳಲಿಲ್ಲ. ನನ್ನದು ಆಗಲೇ ಮುಗಿದಿತ್ತು.

"ಉಂಡಾತಾ? ಬಾ, ಕಾಲು ಹಿಡ್ಕ," ಎಂದೆ.

ಅವಳು ಕುರಿಯನ್ನು ಮಡಿಲಿಗೆ ಎಳೆದುಕೊಂಡು ಕಾಲು ಅದುಮಿ ಹಿಡಿದಳು, ನಾನು ಕತ್ತರಿಸಿದೆ. ಹಿಂದೆ ಪಾತ್ರೆ ಹಿಡಿಯುತ್ತಿದ್ದ ಹಾಗೆಯೇ. ಒಬ್ಬಳೇ ಇದ್ದಾಗ ಕುರಿ ಹಿಡಿದು ಕೆಡವುವುದಕ್ಕೇ ಅರ್ಧ ದಿನ ಹೋಗುತ್ತಿತ್ತು; ಈಗ ಒಂದಾದ ಮೇಲೆ ಒಂದು, ಹೊತ್ತು ಮುಳುಗುವ ಮುಂಚೆ ಹದಿನಾಲ್ಕೂ ಮುಗಿದವು. ಮಧ್ಯೆ ಒಮ್ಮೆ ಅವಳು ಮೆಲ್ಲಗೆ, "ನೀ ಹೇಳಿದ್ದೇ ಆತಲ್ಲೇ ನಿಂಗಕ್ಕ," ಎಂದಳು. ನಾನು ಹೂಂ ಎಂದೆ. ಮೂವತ್ತೆರಡು ಮನೆಯಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ.

ಕೈಕಾಲು ತೊಳೆದುಕೊಂಡು ಹೊರಡುವಾಗ ನಿಂತಳು. "ನಾ ಬಂದಿದ್ದು ಯಾರಿಗೂ ಹೇಳಬ್ಯಾಡ. ಜುಂಜೇಶಂಗಂತೂ ಹೇಳಲೇಬ್ಯಾಡ. ನಿನ್ನ ದಮ್ಮಯ್ಯ."

ಎದೆಗೆ ಕತ್ತರಿ ತಾಗಿದಂತಾಯಿತು. "ಹೇಳಲ್ಲ. ಆದ್ರೆ ಮುಂದಿನ ಬಾಗಿಲಿಂದ ಹೋಗೇ ಜಯಕ್ಕ. ಇದೊಂದು ಸಲ," ಎಂದೆ.

ಅವಳು ಮುಂದಿನ ಬಾಗಿಲು ನೋಡಿದಳು. ದಾರಿಯಲ್ಲಿ ಯಾರದೋ ಮಾತು ಕೇಳುತ್ತಿತ್ತು. ಸೆರಗು ಮತ್ತೆ ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಹಿತ್ತಲ ಕಡೆಗೇ ತಿರುಗಿದಳು.

ಬೇಲಿ ದಾಟುವಾಗ ಅವಳ ಬೆನ್ನು, ಸೆರಗು, ನೆರಿಗೆ ಎಲ್ಲ ಕಂಡಿತು. ಸೀರೆಯ ತುಂಬಾ ಕರಿ ಉಣ್ಣೆ ಅಂಟಿತ್ತು, ಹಟ್ಟಿಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ ಉಣ್ಣೆ. ಕೊಡವಿಕೊಂಡು ಹೋಗೇ ಎನ್ನಲು ಬಾಯಿ ತೆರೆದೆ.

ಹೇಳಲಿಲ್ಲ. ಅವಳು ಹಾಗೆಯೇ ಮನೆಗೆ ಹೋದಳು.