ಬೋಣಿಯ ಹೊತ್ತಿನ ಸೀನು

ಕಾರವಾರದ ಮೀನು ಪೇಟೆಯಲ್ಲಿ ಬೋಣಿ ಆಗುವ ಮೊದಲು ಯಾರೂ ಸೀನಬಾರದು. ಸೀನಿದರೆ ಆ ದಿನದ ವ್ಯಾಪಾರ ಹಾಳು ಎಂದು ಹೆಂಗಸರ ನಂಬಿಕೆ. ವೈಜಯಂತಿಯ ಮೂಗು ಮಾತ್ರ ಈ ಕಟ್ಟಳೆಗೆ ಸೊಪ್ಪು ಹಾಕುತ್ತಿರಲಿಲ್ಲ. ಬೈತಖೋಲ ಬಂದರಿನಿಂದ ತಂದ ಐಸಿನ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ತಡ, ಆರೇಳು ಸೀನು ಒಂದರ ಬೆನ್ನಿಗೊಂದು. ಗಿರಾಕಿ ಪಕ್ಕದವಳ ಬುಟ್ಟಿಗೆ ಸರಿಯುತ್ತಿದ್ದ.

"ಸೆರಗು ಬಾಯಿಗೆ ತುರುಕ್ಕಂಡು ತಡಿ. ನಾ ನಲವತ್ತು ವರ್ಷ ಹಂಗೇ ಮಾಡಿದೆ," ಎಂದಳು ಅತ್ತೆ ಮಾದೇವಿ. "ಆಗೂದಿಲ್ಲ ಅಂದ್ರೆ ಸೋಮವಾರದಿಂದ ಸುಮಲತಾ ಕೂತ್ಕಳ್ಳಲಿ."

ಸುಮಲತಾ ಕಿರಿಯ ಸೊಸೆ. ಪೇಟೆಯ ಜಾಗ ಒಮ್ಮೆ ಕೈಬಿಟ್ಟರೆ ಮುಗಿಯಿತು. ವೈಜಯಂತಿಗೆ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ಕೂತ ಜಾಗ, ಒಂದು ಮೂಗಿನ ಸಲುವಾಗಿ ಬಿಡಬೇಕೆ?

ಅದು ೨೦೦೭ರ ಜನವರಿ. ಮೂಗಿನ ಅಲರ್ಜಿ, ಹಳೆಯ ಸೈನಸ್ ಇದ್ದವರನ್ನು ಪರೀಕ್ಷಿಸುವ ಸಂಶೋಧನಾ ತಂಡವೊಂದು ಅಂಕೋಲೆಗೆ ಬಂದಿತ್ತು. ವೈಜಯಂತಿ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಡಾಕ್ಟರ್ ವಿನುತಾ ಅವಳ ಮುಂಗೈ ಮೇಲೆ ಮೀನು, ಧೂಳು ಹೀಗೆ ಬೇರೆ ಬೇರೆ ದ್ರಾವಣದ ಹನಿ ಇಟ್ಟು ಚುಚ್ಚಿದರು. ಮೀನಿನ ಹನಿ ಇದ್ದಲ್ಲಿ ಏನೂ ಆಗಲಿಲ್ಲ, ಮನೆಯ ಧೂಳಿನದು ಇದ್ದಲ್ಲಿ ದದ್ದು ಎದ್ದಿತು. ಆಮೇಲೆ ಕೊಳವೆಯಿಂದ ಮೂಗಿಗೆ ಬರೀ ತಂಪು ಗಾಳಿ ಬಿಟ್ಟರು. ಸೀನೋ ಸೀನು!

"ಧೂಳಿನ ಅಲರ್ಜಿಯಿಂದ ನಿಮ್ಮ ಮೂಗಿನೊಳಗೆ ವರ್ಷಗಟ್ಟಲೆಯ ಬಾವಿದೆ. ಅದಕ್ಕೇ ತಂಪು ಗಾಳಿಗೂ ಕೆರಳ್ತದೆ," ಎಂದರು ವಿನುತಾ. "ಸ್ಪ್ರೇ ಕೊಡ್ತೇನೆ, ನಿಧಾನಕ್ಕೆ ಕಡಿಮೆ ಆಗ್ತದೆ. ಆದ್ರೆ ಸೀನು ತಡೀಬೇಡಿ, ಕಿವಿಗೆ ಪೆಟ್ಟು."

ಸೋಮವಾರ ಬೆಳಿಗ್ಗೆ ಸುಮಲತಾ ಆಗಲೇ ಜಾಗದಲ್ಲಿ ಕೂತಿದ್ದಳು, ಹಿಂದೆ ಮಾದೇವಿ ಕಾವಲು. ವೈಜಯಂತಿ ಬಗ್ಗಿ ಐಸಿನ ಪೆಟ್ಟಿಗೆ ತೆರೆದಳು. ಇಡೀ ಪೇಟೆಗೆ ಕೇಳುವ ಹಾಗೆ ಮೂರು ಸಲ ಸೀನಿದಳು. ಬಂಗಡೆ ಕೇಳುತ್ತಿದ್ದ ಗಿರಾಕಿ ಹಿಂದೆ ಸರಿದ.

"ನೋಡ್ದ್ಯಾ? ಹೋದ!" ಮಾದೇವಿ ಹಲ್ಲು ಕಡಿದಳು.

"ಹೋಗ್ಲಿ. ಇನ್ನೊಬ್ಬ ಬತ್ತ. ಇದು ಐಸಿನ ಗಾಳಿಗೆ ಬಂದ ಸೀನು, ಅಪಶಕುನ ಅಲ್ಲ. ನಾ ತಡೆಯೂದಿಲ್ಲ ಅತ್ತೆ, ಜಾಗಾನೂ ಬಿಡೂದಿಲ್ಲ," ಎಂದಳು ವೈಜಯಂತಿ. "ಗಿರಾಕಿ ದರ ಕೇಳಿದ್ರೆ ನೀವು ಯಾವಾಗ್ಲೂ ಬಲಗಿವಿ ಕೊಡ್ತ್ರಿ. ನಲವತ್ತು ವರ್ಷ ಸೀನು ತಡದು ತಡದು ಎಡಗಿವಿ ಎಲ್ಲಿಗೆ ಹೋಯ್ತು?"

ಮಾದೇವಿಯ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಏಳೇ ಸುಮಾ," ಎಂದಳು. "ಅವಳ ಜಾಗ ಅವಳಿಗೆ ಬಿಡು."

ವೈಜಯಂತಿ ಕೂತಳು, ಇನ್ನೊಮ್ಮೆ ಜೋರಾಗಿ ಸೀನಿದಳು, ಮೂಗು ಒರೆಸಿಕೊಂಡು ಬಂಗಡೆಯ ದರ ಕೂಗಿದಳು.