ಸಿಗಡಿ ಬ್ಯಾಚ್ ನಂಬರ್ ಒಂದು

ಮಂಜುನಾಥನ ವಂಶದಲ್ಲಿ ಯಾರೂ ಮೀನು ಮುಟ್ಟಿದವರಲ್ಲ. ಅಂಥವನು ಕೆನ್ಯಾದ ರಾಷ್ಟ್ರೀಯ ಹಬ್ಬವಾದ ಮದರಾಕ ದಿನದ ರಜೆಯಲ್ಲಿ, ಕೈಗೆ ಲ್ಯಾಬಿನ ಗ್ಲೌಸು, ಮೂಗಿಗೆ ಮಾಸ್ಕು ಏರಿಸಿಕೊಂಡು, ನೈರೋಬಿಯ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಮನೆಯ ಹಿತ್ತಲಲ್ಲಿ ಸಿಗಡಿ ಸುಲಿಯುತ್ತ ಕೂತಿದ್ದ. ಸಂಜೆ ಪುರುಷೋತ್ತಮ ಶೆಟ್ಟರು ಊಟಕ್ಕೆ ಬರುವವರಿದ್ದರು. ಅವನ ಔಷಧ ಕಂಪನಿಯ ದೊಡ್ಡ ಸಾಹೇಬರು, ಮಂಗಳೂರಿನವರು. ಮಂಜುನಾಥ ನೈರೋಬಿಯಲ್ಲಿ ಇನ್ನೆರಡು ವರ್ಷ ಉಳಿಯುವುದೋ, ಬೆಂಗಳೂರಿಗೆ ಗಂಟುಮೂಟೆ ಕಟ್ಟುವುದೋ ಅವರ ಕೈಯಲ್ಲಿತ್ತು. ಮಗಳು ಪ್ರಣತಿಯ ಶಾಲೆ ಮುಗಿಯಲು ಸರಿಯಾಗಿ ಎರಡೇ ವರ್ಷ ಬಾಕಿ.

“ಅದು ನನ್ನ ಅಡುಗೆಮನೆ ಹೊಸಿಲು ದಾಟಿದ್ರೆ ನಾನು ಮೈಸೂರಿಗೆ ಹೊರಟೆ ಕಣ್ರೀ” ಎಂದಿದ್ದಳು ಹೆಂಡತಿ ಮೈಥಿಲಿ. ಹಾಗಾಗಿ ಹಿತ್ತಲು, ಇದ್ದಿಲ ಒಲೆ, ಹೊಸ ಬಾಣಲೆ.

ಮಂಜುನಾಥ ಕ್ವಾಲಿಟಿ ಕಂಟ್ರೋಲಿನ ಆಸಾಮಿ. ಉಪ್ಪು, ಅರಿಸಿನ, ಖಾರದಪುಡಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಚ್ಚಿದ. ಸ್ಟಾಪ್‌ವಾಚ್ ಹಿಡಿದು ಮಗ್ಗುಲಿಗೆ ಎರಡು ನಿಮಿಷದಂತೆ ಹುರಿದ. ಆದರೆ ಪರೀಕ್ಷೆಯಾಗದ ಬ್ಯಾಚನ್ನು ಹೊರಗೆ ಬಿಡುವುದುಂಟೇ? ತಾನಂತೂ ತಿನ್ನುವಂತಿಲ್ಲ. ಮನೆಗೆಲಸದ ಹೆಲನ್, ತಾನು ಹುಳ ತಿನ್ನುವವಳಲ್ಲವೆಂದು ಹಿಂದೆ ಸರಿದಳು. ಕೊನೆಗೆ ಗೇಟಿನ ಕಾವಲುಗಾರ ಪೀಟರ್ ಒಂದು ತಿಂದು “ಸವಾ” ಎಂದ. ಸರಿಯಾಗಿದೆ ಎಂದರ್ಥ. ಖಾತ್ರಿಯೇ ಎಂದು ಕೇಳಿದರೆ ಇನ್ನೊಂದು ತಿಂದ. ಪೂರ್ತಿ ಖಾತ್ರಿಯಾಗಲು ಏಳು ಬೇಕಾದವು.

ಸಂಜೆ ತಟ್ಟೆ ಕಂಡೊಡನೆ ಶೆಟ್ಟರ ಮುಖ ಅರಳಿತು. ಕೈ ಮುಂದೆ ಬಂದು ಅಲ್ಲೇ ನಿಂತಿತು.

“ಇವತ್ತು ಸೋಮವಾರ ಅಲ್ವಾ ಮಾರಾಯ್ರೆ! ಸೋಮವಾರ ನಾವು ಮೀನು ಮುಟ್ಟುವುದಿಲ್ಲ.”

ಮೀನು ತಿನ್ನುವವರು ದಿನವೂ ತಿನ್ನುತ್ತಾರೆಂದೇ ಮಂಜುನಾಥ ಈ ವಯಸ್ಸಿನವರೆಗೂ ನಂಬಿದ್ದ. “ಓ ನೋ, ಅಪ್ಪಾ” ಎಂದಳು ಪ್ರಣತಿ.

ಶೆಟ್ಟರು ಒಮ್ಮೆ ಆಸೆಯಿಂದ ಮೂಸಿ ನೋಡಿದರು. “ಫ್ರಿಜ್ಜಿನಲ್ಲಿ ಇಟ್ಟುಬಿಡಿ. ನಾಳೆ ಬಂದು ತಿನ್ನುತ್ತೇನೆ.”

ಮೈಥಿಲಿಯ ಫ್ರಿಜ್ಜಿನಲ್ಲಿ! ಎಲ್ಲರೂ ಅವಳನ್ನೇ ನೋಡಿದರು. ಅವಳು ಮಗಳ ಮುಖ ನೋಡಿದಳು.

“ತಂಗಳು ಯಾಕೆ ಸಾರ್? ನಾಳೆ ಇವರು ಬಿಸಿಬಿಸಿಯಾಗಿ ಮಾಡ್ಕೊಡ್ತಾರೆ, ಬನ್ನಿ.”

ಮದುವೆಯಾಗಿ ಹದಿನೇಳು ವರ್ಷಕ್ಕೆ ಮಂಜುನಾಥನಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಮರುದಿನ ಶೆಟ್ಟರು ಬಂದು ತಟ್ಟೆ ಬರಿದು ಮಾಡಿ ಬೆರಳು ಚೀಪಿದರು. “ಊರು ಬಿಟ್ಟ ಮೇಲೆ ಇಂಥದ್ದು ತಿಂದದ್ದೇ ಇಲ್ಲ. ನಿಮ್ಮನ್ನು ಬೆಂಗಳೂರಿಗೆ ಕಳಿಸಲಿಕ್ಕೆ ನನಗೆ ತಲೆ ಕೆಟ್ಟಿದೆಯಾ? ಇನ್ನೆರಡು ವರ್ಷ ಇಲ್ಲೇ ಇರಿ. ಮಂಗಳವಾರ ಮಂಗಳವಾರ ನಾನು ಬರ್ತೇನೆ.”

ಪ್ರಣತಿ ಕುಣಿದಾಡಿದಳು. ಮಂಜುನಾಥ ಕೃತಜ್ಞತೆಯಿಂದ ಕೈಮುಗಿದ. ಮುಗಿದ ಕೈ ಇಳಿಯುವಷ್ಟರಲ್ಲಿ ಮೈಥಿಲಿ ಲೆಕ್ಕ ಹಾಕಿ ಮುಗಿಸಿದ್ದಳು.

“ನೂರಾ ನಾಲ್ಕು ಸಲ ಕಣ್ರೀ” ಎಂದಳು, ಅವನಿಗೆ ಮಾತ್ರ ಕೇಳುವಂತೆ.