ಕುಡಿಯದ ತಂಬಿಗೆ

ಚೈನು ಮತ್ತೆ ಕಟಕಟ ಎನ್ನುತ್ತಿದೆ, ಎಣ್ಣೆ ಕಾಣದ ಸೈಕಲ್, ನನ್ನ ಹಲ್ಲೂ ಹಾಗೇ ಕಟಕಟ, ಬಿಸಿಲಿಗಲ್ಲ, ಸಿಟ್ಟಿಗೆ — ಯಾರ ಮೇಲೆ ಸಿಟ್ಟು, ಬೆಳಿಗ್ಗೆ ಸವಣೂರಿನ ತನ್ನ ಮನೆಯಲ್ಲಿ, ಹತ್ತಿ ಹಿಂಜುವ ಬಿಲ್ಲಿನ ಪಕ್ಕದಲ್ಲೇ ಒರಗಿ ಹೋದ ದಸ್ತಗೀರಸಾಬನ ಮೇಲಾ, ಹೋಗುವವನು ಮಗಳಿಗೂ ನೀನೇ ಹೇಳಿ ಹೋಗಬೇಕಿತ್ತಲ್ಲ ಮುದುಕಾ, ನಲವತ್ತು ವರ್ಷ ಊರಿನ ಎಲ್ಲರ ಸಾವಿನ ಸುದ್ದಿಯನ್ನೂ ನೀನೇ ಹೊತ್ತೊಯ್ದೆ, ಹಾನಗಲ್ಲಿಗೆ, ಶಿಗ್ಗಾವಿಗೆ, ಹಿರೇಕೆರೂರಿಗೆ, ಗಾದಿ ತುಂಬಲು ಮನೆಮನೆ ತಿರುಗಿದವನಿಗೆ ಯಾರ ಮಗಳನ್ನು ಯಾವ ಓಣಿಗೆ ಕೊಟ್ಟಿದ್ದಾರೆ ಎಲ್ಲ ಗೊತ್ತು, ತಾರು ಮುಟ್ಟಲು ಎರಡು ದಿನ, ಅವನು ಸಿಕ್ಕ ಬಸ್ಸು ಲಾರಿ ಹತ್ತಿ ಹೊತ್ತು ಇಳಿಯುವುದರೊಳಗೆ ಮುಟ್ಟುತ್ತಿದ್ದ, ಗಂಡ ಹೋದಾಗ ನಮ್ಮ ಓಣಿಯ ಯಮುನಾಬಾಯಿಯ ಬಾಯಿಂದ ಮೊದಲು ಬಂದ ಮಾತೇ ದಸ್ತಗೀರನ್ನ ಕರೀರಿ. ಇಂದು ಅವನ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು, ಹುಲಗೂರಿನ ಮಗಳಿಗೆ ಯಾರು ಹೇಳಬೇಕು, ಹೇಳುವವನು ಮಲಗಿದ್ದಾನೆ. ನಾ ಹೋಗ್ತೇನಿ ಎಂದೆ. ಅವನ ತಮ್ಮ ಇಸಾಕ ಅಳುತ್ತಲೇ ನಕ್ಕ, ನೀ ಏನ್ ಹೋಗ್ತಿ ಗೋಣ್ಯಾ, ಸೈಕಲ್ ಇಳಿಯೂಕಿಂತ ಮೊದಲ ಒದರಿಬಿಡ್ತಿ. ದಸ್ತಗೀರನ ಹೆಂಡತಿ ಲಾಲಬಿ ಸೆರಗಿನೊಳಗಿಂದ, ನಸೀರಾ ಉಂಡ ಮ್ಯಾಗ ಹೇಳ್ರಿ ಗೋಣೆಪ್ಪ, ಏಳು ತಿಂಗಳ ಬಸರಿ, ಇಲ್ಲಿಗೆ ಬಂದ್ಲಂದ್ರ ನಾಳೆತನಕ ಹನಿ ನೀರ ಮುಟ್ಟಂಗಿಲ್ಲ, ಅವರಪ್ಪ ಮಾಡ್ತಿದ್ರಲ್ಲ, ಹಂಗ ಮಾಡ್ರಿ. ಅವರಪ್ಪ ಮಾಡುತ್ತಿದ್ದ ಹಾಗೆ. ಹೇಳಿದ್ದು ಯಾರಿಗೆ, ನನಗೆ.

ಎಪ್ಪತ್ನಾಲ್ಕನೇ ಇಸವಿ, ಹಿರೇಕೆರೂರು, ನಾನಲ್ಲಿ ಎಣ್ಣೆ ಗಾಣದಲ್ಲಿ ಕೆಲಸಕ್ಕಿದ್ದೆ, ಇದೇ ಹೊತ್ತು, ಬಾಗಿಲಲ್ಲಿ ಅವನು, ಮೊಣಕಾಲತನಕ ಧೂಳು, ಉಂಡ್ರೇನ್ರಿ ಗೋಣೆಪ್ಪ, ಇಲ್ಲೋ ಸಾಬಾ, ಬಾ, ನೀನೂ ಕುಂಡ್ರು, ಬ್ಯಾಡ್ರಿ, ಒಂದು ತಂಬಗಿ ನೀರ ಕೊಡ್ರಿ ಸಾಕು. ನನ್ನವಳು ಹಿತ್ತಾಳೆ ತಂಬಿಗೆ ಕೊಟ್ಟಳು, ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತ, ಕುಡಿಯಲಿಲ್ಲ — ಸಾವು ತಂದವನು ಅದನ್ನು ಹೇಳುವ ತನಕ ಆ ಮನೆಯ ನೀರು ಕುಡಿಯಬಾರದು, ಅದು ಅವನ ನೇಮ, ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ನಾಲ್ಕು ರೊಟ್ಟಿ ತಿಂದೆ, ಪುಂಡಿಪಲ್ಯ, ಮೊಸರು, ಬೆರಳು ನೆಕ್ಕಿದೆ, ಅವನು ಯಾವುದೋ ಎಮ್ಮೆಯ ಕಥೆ ಹೇಳಿ ನಗಿಸುತ್ತಿದ್ದ, ಕೈ ತೊಳೆದೆ, ಆಗ — ನಿಮ್ಮಪ್ಪಾರು ಮುಂಜಾನಿ ಹೋದ್ರು. ತಂಬಿಗೆಗೆ ಬಾರಿಸಿದೆ, ನೀರೆಲ್ಲ ಅವನ ಎದೆಗೆ, ಗಡ್ಡಕ್ಕೆ, ಸುಳ್ಳ ಮಗನ, ಅಪ್ಪ ಅಲ್ಲಿ ಹೆಣಾ ಆಗಿ ಬಿದ್ದಾನ, ನನಗಿಲ್ಲಿ ಮೊಸರ ಉಣಸಾಕತ್ತಿ? ಗಡ್ಡ ಒರೆಸಿಕೊಂಡ, ಉಣ್ಣದಿದ್ರ ಹೆಂಗ ಹೊರತೀರಿ, ಅಂದ, ಅಷ್ಟೇ. ಅಪ್ಪನನ್ನು ಹೊತ್ತೆ. ಬೆಳಗಿನಿಂದ ಉಪವಾಸವಿದ್ದ ತಮ್ಮ ಹುಚ್ಚಪ್ಪ ಅರ್ಧ ದಾರಿಯಲ್ಲಿ ಕುಸಿದ, ನಾನು ಕುಸಿಯಲಿಲ್ಲ, ಗೊತ್ತಿತ್ತು ಯಾಕೆಂದು, ಹೇಳಲಿಲ್ಲ, ಏಳು ವರ್ಷ ಹೇಳಲಿಲ್ಲ, ಊರಿಗೆ ತಿರುಗಿ ಬಂದ ಮೇಲೂ ಸಂತೆಯಲ್ಲಿ ಕಂಡಾಗೆಲ್ಲ ಅದೇ, ಉಂಡ್ರೇನ್ರಿ ಗೋಣೆಪ್ಪ, ನಾನು ಮುಖ ತಿರುಗಿಸುತ್ತಿದ್ದೆ, ಹೋದ ವಾರವೂ ತಿರುಗಿಸಿದೆ, ಉಂಡೆ ಎನ್ನಲು ಎಷ್ಟು ಉಸಿರು ಬೇಕು.

ಹುಲಗೂರು, ಬೇವಿನ ಗಿಡ, ನಸೀರಾಳ ಬಾಗಿಲು, ಇಷ್ಟು ಬೇಗ ಬಂತಾ, ಬರ್ರಿ ಅಣ್ಣಾ, ಕುಂತ್ರಿ, ಏನ್ ಈ ಕಡೆ? ಬಂಕಾಪುರಕ್ಕ ಹೊಂಟಿದ್ದೆ — ಥೂ, ಬಂಕಾಪುರ ಎಲ್ಲಿ, ಹುಲಗೂರು ಎಲ್ಲಿ, ಹುಟ್ಟಿ ಮೊದಲ ಸಲ ಸುಳ್ಳು ಹೇಳಿದರೆ ಹೀಗೇ. ನಗುತ್ತಾಳೆ, ನಿಮ್ಮ ಸಿಟ್ಟಿಗೆ ದಾರೀನೂ ಹೆದರಿ ಓಡೇತಿ ನೋಡ್ರಿ. ಅದೇ ನಗು, ಅವನದೇ, ಮೇಲಿನ ಹಲ್ಲು ಸ್ವಲ್ಪ ಮುಂದೆ. ಉಂಡಿಯೇನವಾ? ಈಗ ಗಂಗಾಳಕ್ಕ ಹಚ್ಚಿಕೊಂಡೇನ್ರಿ, ನೀವೂ ಒಂದ್ ರೊಟ್ಟಿ ತಿನ್ರಿ. ಬ್ಯಾಡವಾ. ಹಂಗಾರ ನೀರರೆ ಕುಡೀರಿ — ತಂಬಿಗೆ, ಹಿತ್ತಾಳೆಯದು, ಕೈಯಲ್ಲಿ, ತಣ್ಣಗೆ. ಇದನ್ನು ಕುಡಿಯಲೇಬೇಕು, ಇವಳು ದಸ್ತಗೀರನ ಮಗಳು, ಕಟ್ಟೆಯ ಮೇಲೆ ಕೂತವನು ನೀರು ಕುಡಿಯದಿದ್ದರೆ ಏನೆಂದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕುಡಿ ಗೋಣ್ಯಾ, ನಾಲ್ಕು ಗುಟುಕು, ಅವನ ನೇಮ ಮುರಿ, ಅವನ ಮಗಳು ಉಣ್ಣಲಿ. ಅವಳು ಗಂಗಾಳದ ಮುಂದೆ ನಿಧಾನಕ್ಕೆ, ಹೊಟ್ಟೆ ಹಿಡಿದು ಕೂರುತ್ತಾಳೆ, ರೊಟ್ಟಿ ಮುರಿಯುತ್ತಾಳೆ, ತಂಬಿಗೆ ಎತ್ತುತ್ತೇನೆ, ತುಟಿಗೆ ಹಿತ್ತಾಳೆ ತಾಗುತ್ತದೆ, ದಸ್ತಗೀರನ ಗಡ್ಡದಿಂದ ತೊಟ್ಟಿಕ್ಕುತ್ತಿದ್ದ ಆ ನೀರು, ನಾನು ಚೆಲ್ಲಿದ ನೀರು, ಇಳಿಸುತ್ತೇನೆ, ಮತ್ತೆ ಎತ್ತುತ್ತೇನೆ, ಮತ್ತೆ ಇಳಿಸುತ್ತೇನೆ, ಉಣ್ಣವಾ, ಲಗೂನ ಉಣ್ಣು, ಒಂದು ತುತ್ತು, ಎರಡನೆಯದು, ಅಪ್ಪ ಹೆಂಗದಾರ್ರಿ ಅಣ್ಣಾ, ಈಗೀಗ ಭಾಳ ಕೆಮ್ಮತಾರಂತ, ಮೊದಲ ಉಣ್ಣವಾ ಎಂದೆ, ಮೂರನೆಯ ತುತ್ತು ಅವಳ ಕೈಯಲ್ಲೇ ನಿಂತಿತು, ನನ್ನ ಮುಖ ನೋಡುತ್ತಿಲ್ಲ ಅವಳು, ನನ್ನ ಕೈ ನೋಡುತ್ತಿದ್ದಾಳೆ, ಎರಡೂ ಕೈ, ನಡುವೆ ತಂಬಿಗೆ, ಬಾಯಿತನಕ ನೀರು, ಒಂದು ಹನಿಯೂ ಇಳಿದಿಲ್ಲ, ತಂಬಿಗೆ ತುಂಬಿದೆ, ತುಂಬಿಯೇ ಇದೆ —